ಹದಿನೆಂಟನೇ ಶತಮಾನ ಮುಟ್ಟದ ಮೇಷ್ಟ್ರು

ಮೂರನೇ ಗುಂಡಿಯಲ್ಲೂ ಹಾರೆ ಬಂಡೆಗೇ ಬಡಿಯಿತು. ಬೊಮ್ಮಪ್ಪ ಹಾರೆಯನ್ನು ಅತ್ತ ಎಸೆದು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

“ಇಲ್ಲೂ ಕಲ್ಲು ಕಣಣ್ಣಾ. ಮೊಣಕಾಲುದ್ದ ಇಳಿದಿಲ್ಲ, ಆಗ್ಲೇ ಟಣ್ ಅಂತದೆ.”

“ಅಂಗಂತ ಕೂತ್ಕಂಡ್ರೆ ಆಯ್ತದೇನ್ಲಾ? ಆ ಹೊಂಗೆಮರದ ಅತ್ಲಾಗೆ ನೋಡು,” ಎಂದು ಸಂಜೀವಯ್ಯ ಗದರಿದ. ಇವನು ಸತ್ತವರ ಅಣ್ಣ. ಸುದ್ದಿ ಕೇಳಿ ಕೊಡಿಗೇನಹಳ್ಳಿಯಿಂದ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದ. ಬಂದಾಗಿನಿಂದ ಗದರುವುದೊಂದೇ ಅವನ ಕೆಲಸವಾಗಿತ್ತು.

ಮಧುಗಿರಿಯಲ್ಲಿ ಎಲ್ಲಿ ಅಗೆದರೂ ಬೆಟ್ಟದ ಬುಡವೇ ಸಿಗುತ್ತದೆ. ಅದು ಗೊತ್ತಿದ್ದೂ ಗುಂಡಿ ಆಗುವ ಮೊದಲೇ ಹೆಣ ಎತ್ತಿಕೊಂಡು ಬಂದದ್ದು ಯಾರ ಬುದ್ಧಿಯೋ! ಲಿಂಗವಂತರ ಪದ್ಧತಿಯಂತೆ ಅಡವಯ್ಯ ಮೇಷ್ಟ್ರನ್ನು ಬಿದಿರಿನ ವಿಮಾನದಲ್ಲಿ ಕೂರಿಸಿ ತಂದಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಮೈಮೇಲೆ ಕಪ್ಪು ಕೋಟು. ಹೊಂಗೆಮರದ ನೆರಳಲ್ಲಿ ಹಾಗೆ ಕೂತ ಮೇಷ್ಟ್ರು, ಹುಡುಗರು ಕಾಪಿ ಹೊಡೆಯದಂತೆ ನೋಡಿಕೊಳ್ಳಲು ಕೂತವರ ಹಾಗೆ ಕಾಣುತ್ತಿದ್ದರು. ಅಲ್ಲಿದ್ದವರಲ್ಲಿ ಅವಸರವಿಲ್ಲದವರು ಅವರೊಬ್ಬರೇ. ಬದುಕಿದ್ದಾಗಲೂ ಅವರಿಗೆ ಅದು ಇರಲಿಲ್ಲ ಬಿಡಿ.

ಅವಸರವಿದ್ದದ್ದು ಮಗಳು ಚನ್ನಮಲ್ಲಮ್ಮನಿಗೆ. ಪಾವಗಡದಿಂದ ತುಮಕೂರಿಗೆ ಹೋಗುವ ಬಸ್ಸು ಮೂರು ಗಂಟೆಗೆ ಸ್ಮಶಾನದ ಮುಂದೆಯೇ ಹಾದುಹೋಗುತ್ತದೆ. ಅದನ್ನು ಹಿಡಿದರೆ ತುಮಕೂರಿನಲ್ಲಿ ಸಂಜೆಯ ರೈಲು ಸಿಗುತ್ತದೆ, ಸೋದರಮಾವ ಸ್ಟೇಷನ್ನಿಗೆ ಬಂದು ಜೊತೆಗೂಡುತ್ತಾನೆ, ನಾಳೆ ಬೆಳಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಬಿ.ಎ. ಪರೀಕ್ಷೆಯ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಪತ್ರಿಕೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಕಾಯಲು ಅವಳಿಗೆ ವರ್ಷವೆಲ್ಲಿತ್ತು? ನಿಡುಗಲ್ಲಿನ ಗಂಡಿನ ಕಡೆಯವರಿಗೆ ದೊಡ್ಡಪ್ಪ ಸಂಜೀವಯ್ಯ ಆಗಲೇ ಮಾತು ಕೊಟ್ಟಿದ್ದ. ಈ ಪರೀಕ್ಷೆಯೊಂದು ಮುಗಿಯಲಿ ಎಂದು ಅದನ್ನು ತಡೆದು ನಿಲ್ಲಿಸಿದ್ದವರು ಅಪ್ಪ. ಪಾಸಾದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ, ಇಲ್ಲದಿದ್ದರೆ ನಿಡುಗಲ್ಲಿನ ಕೋಟೆಯ ಕೆಳಗೆ ಹುರುಳಿ ಹೊಲ.

“ಹೊತ್ತೆಷ್ಟಾಯ್ತು ನಸ್ರುಲ್ಲಾ ಅಣ್ಣಾ?”

“ಎರಡೂಕಾಲು ಕಣಮ್ಮ.” ನಸ್ರುಲ್ಲಾ ಬಿ.ಎ.ಗೆ ಮೇಷ್ಟ್ರ ಹತ್ತಿರ ಮನೆಪಾಠ ಹೇಳಿಸಿಕೊಂಡಿದ್ದ ಹಳೆಯ ಶಿಷ್ಯ, ಈಗ ಶಿರಾದಲ್ಲಿ ವಕೀಲ. ಕೋರ್ಟಿನ ಕೆಲಸಕ್ಕೆ ಮಧುಗಿರಿಗೆ ಬಂದಿದ್ದವನು ಸುದ್ದಿ ಕೇಳಿ ಹಾಗೇ ಓಡಿಬಂದಿದ್ದ. “ಡ್ರೈವರ್ ಹಬೀಬ್ ಸಾಬಿಗೆ ಹೇಳಿ ಕಳಿಸಿದ್ದೀನಿ, ಇಲ್ಲೇ ಬಸ್ ನಿಲ್ಲಿಸ್ತಾನೆ. ಆದ್ರೆ ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಎಲ್ಲಾ ಇದ್ದಿಲ ಗಾಡಿ ನೋಡು, ಜಾಸ್ತಿ ನಿಂತ್ರೆ ಒಲೆ ತಣ್ಣಗಾಗ್ತದೆ. ಐದು ನಿಮಿಷ, ಅಷ್ಟೇ.”

ಸಂಜೀವಯ್ಯನ ಕಿವಿ ಚುರುಕು. “ಯಾರಿಗೆ ಬಸ್ಸು? ಅಪ್ಪನ್ನ ಮಣ್ಣು ಮಾಡಕ್ಕೆ ಮುಂಚೇನೇ ಪರೀಕ್ಸೆಗೆ ಹೊಂಟವಳಾ? ಸೂತಕ ಗೀತಕ ಒಂದೂ ಬ್ಯಾಡ್ವಾ?”

ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಬಿಲ್ವಪತ್ರೆ ಬಿಡಿಸುತ್ತಾ ಕೂತಿದ್ದರು. “ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲಿಂದ ಬಂತು ಸಂಜೀವಯ್ಯ? ಇಲ್ಲದ ಕಟ್ಟಳೆ ಹುಟ್ಟಿಸ್ಬ್ಯಾಡ. ಗುಂಡೀಲಿ ಕೂರಿಸಿದ ಮೇಲೆ ಮಗಳು ಒಂದು ಹಿಡಿ ಮಣ್ಣು ಹಾಕ್ಲಿ, ಹೋಗ್ಲಿ.”

“ಅವಳವ್ವನ್ನ ಕೇಳಿ ಸ್ವಾಮಿ, ಬುಡ್ತಾಳಾ ಅಂತ.”

ಸಿದ್ದಗಂಗಮ್ಮ ಗಂಡನ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ತಿರುಗಿಯೂ ನೋಡಲಿಲ್ಲ. “ಆ ಪರೀಕ್ಷೆ ಒಬ್ಬರ ಜೀವ ತೇಯ್ದದ್ದು ಸಾಲದಾ?” ಎಂದಳು.

ಚನ್ನಮಲ್ಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ದೊಡ್ಡಪ್ಪನ ಮೇಲೋ, ಅವ್ವನ ಮೇಲೋ, ಬಂಡೆಯ ಮೇಲೋ, ಇವತ್ತೇ ಸಾಯಬೇಕಾಗಿತ್ತೇ ಎಂದು ಅಪ್ಪನ ಮೇಲೋ ಅವಳಿಗೇ ತಿಳಿಯಲಿಲ್ಲ. ಅಳುವುದಕ್ಕೂ ಬಿಡುವಿಲ್ಲದಂತಾಗಿತ್ತು.

*

ಅಡವಯ್ಯನವರು ಬಿ.ಎ. ಪರೀಕ್ಷೆಗೆ ಐದು ಸಲ ಕೂತಿದ್ದರು. ಐದು ಸಲವೂ ನಾಳೆಯ ಇದೇ ಪತ್ರಿಕೆಯಲ್ಲಿ ಫೇಲು. ಗೊತ್ತಿಲ್ಲದೆ ಫೇಲಾದವರಲ್ಲ ಅವರು. ಗೊತ್ತಿದ್ದದ್ದು ಹೆಚ್ಚಾಗಿ ಫೇಲಾದವರು.

ಹದಿನೆಂಟನೇ ಶತಮಾನದ ಕವಿಗಳು ನಿಯಮಕ್ಕೆ ಅಷ್ಟೊಂದು ಕಟ್ಟುಬಿದ್ದದ್ದು ಯಾಕೆ ಎಂದು ಪ್ರಶ್ನೆ ಇದ್ದರೆ, ಮೇಷ್ಟ್ರು ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ ಮೊದಲ ಇಂಗ್ಲಿಷ್ ಜನರಿಂದ ಶುರುಮಾಡುತ್ತಿದ್ದರು. ಅವರು ಬೆಂಕಿಯ ಸುತ್ತ ಕೂತು ಯುದ್ಧದ ಹಾಡು ಹೇಳುತ್ತಿದ್ದದ್ದು, ಆ ಹಾಡಿನಲ್ಲಿ ಪ್ರಾಸ ಸಾಲಿನ ಕೊನೆಗಲ್ಲ, ಪದಗಳ ತಲೆಗೆ ಬರುತ್ತಿದ್ದದ್ದು, ಮಠದ ಸಂನ್ಯಾಸಿಗಳು ಅದನ್ನೆಲ್ಲ ತೊಗಲಿನ ಮೇಲೆ ಬರೆದಿಟ್ಟದ್ದು. ಆಮೇಲೆ ಫ್ರೆಂಚ್ ಮಾತಾಡುವ ರಾಜ ಬಂದು ಗೆದ್ದ. ಅರಮನೆಯಲ್ಲಿ ಫ್ರೆಂಚ್ ಮೆರೆಯಿತು, ಇಂಗ್ಲಿಷ್ ಹಟ್ಟಿ ಸೇರಿತು. ಹಟ್ಟಿಯಲ್ಲಿದ್ದ ಭಾಷೆ ಸಾಯದೆ ಹೇಗೆ ಉಳಿಯಿತೆಂದು ಬರೆಯುವಾಗ ಮೇಷ್ಟ್ರ ಕೈಗೆ ತಡೆಯೇ ಇರುತ್ತಿರಲಿಲ್ಲ. ಅಲ್ಲಿಗೆ ಗಂಟೆ ಹೊಡೆಯುತ್ತಿತ್ತು. ಒಂದು ಸಲ ಮಾತ್ರ ನಾಟಕಶಾಲೆಗಳವರೆಗೆ ಮುಟ್ಟಿದ್ದರಂತೆ. ಅಂಗಳದಲ್ಲಿ ನಿಂತು ನಾಟಕ ನೋಡುವ ಬಡಜನರ ಮಧ್ಯೆ ಮೇಷ್ಟ್ರು ನಿಂತಿರುವಾಗಲೇ ಮೇಲ್ವಿಚಾರಕ ಬಂದು ಉತ್ತರಪತ್ರಿಕೆ ಕಿತ್ತುಕೊಂಡ. ಕೇಳಿದ ಪ್ರಶ್ನೆಗೆ ಇನ್ನೂ ನೂರು ವರ್ಷ ಬಾಕಿಯಿತ್ತು.

“ಕೇಳಿದ್ದಕ್ಕೆ ಮಾತ್ರ ಬರೆಯೋಕೆ ನಿಮಗೇನು ರೋಗ?” ಎಂದು ಸಿದ್ದಗಂಗಮ್ಮ ಮೂರನೇ ಫೇಲಿನ ಮಾರನೆಯ ದಿನ ಕೇಳಿದ್ದಳು.

“ಮೊದಲು ತಿಳೀದೆ ಕೊನೆ ಹೆಂಗೆ ತಿಳೀತದೆ ಗಂಗೂ?”

“ನಿಮ್ಮ ಜೊತೆಯೋರು ಹೈಸ್ಕೂಲಿಗೆ ಹೋದ್ರು, ಹೆಡ್ಮಾಸ್ತರಾದ್ರು. ನೀವಿನ್ನೂ ಮಿಡ್ಲ್ ಸ್ಕೂಲಲ್ಲಿ ಸೀಮೆಸುಣ್ಣ ತಿಂತಾ ಕೂತಿದ್ದೀರ.”

ಮೇಷ್ಟ್ರು ನಕ್ಕುಬಿಟ್ಟರು. ಆ ನಗು ಕಂಡರೆ ಅವಳಿಗೆ ಎಲ್ಲಿಲ್ಲದ ಸಿಟ್ಟು.

ಮನೆಯ ವ್ಯವಹಾರವೂ ಅಷ್ಟೇ. ಕೊರಟಗೆರೆಯಿಂದ ಚನ್ನಮಲ್ಲಮ್ಮನನ್ನು ನೋಡಲು ಬಂದವರು ಹುಡುಗಿಗೆ ವಯಸ್ಸೆಷ್ಟು ಎಂದು ಕೇಳಿದರು. ಮೇಷ್ಟ್ರು ತಮ್ಮ ಮುತ್ತಜ್ಜ ಹುಲಿಕುಂಟೆ ಬಿಟ್ಟು ಬಂದ ವರ್ಷದಿಂದ ಹಿಡಿದರು. ಮುತ್ತಜ್ಜ ಎತ್ತು ಮಾರಿ ಹೊಲ ಕೊಳ್ಳುವಷ್ಟರಲ್ಲಿ ಬಂದವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಸಿದ್ದಗಂಗಮ್ಮ ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟಳು. ಮಗಳು ಒಳಗೊಳಗೇ ಖುಷಿಪಟ್ಟಳು.

*

ನಾಲ್ಕನೇ ಕಡೆ ಮಣ್ಣು ಸಿಕ್ಕಿತು. ಬೊಮ್ಮಪ್ಪನ ಜೊತೆ ಇನ್ನಿಬ್ಬರು ಇಳಿದರು. ಎರಡೂಮುಕ್ಕಾಲಿಗೆ ಗುಂಡಿ ಎದೆಮಟ್ಟ ಬಂತು. ದೇಹವನ್ನು ಕೂರಿಸಲು ಪಕ್ಕದ ಗೋಡೆಯಲ್ಲಿ ಗೂಡು ತೋಡುವುದು ಇನ್ನೂ ಬಾಕಿ.

ಚನ್ನಮಲ್ಲಮ್ಮ ಚೀಲದಿಂದ ನೋಟ್ಸು ತೆಗೆದು ಹಾಳೆ ತಿರುಗಿಸಿದಳು. ಸಂಜೀವಯ್ಯ ಹಲ್ಲು ಕಡಿದ. ಅವಳು ಲಕ್ಷ್ಯ ಮಾಡಲಿಲ್ಲ.

“ನಸ್ರುಲ್ಲಾ ಅಣ್ಣಾ, ಕೊನೇ ಪಾಠ ನಿಮಗೆ ಅಪ್ಪ ಹೆಂಗೆ ಹೇಳ್ಕೊಟ್ಟಿದ್ರು? ಹದಿನೆಂಟನೇ ಶತಮಾನದ ಕವಿಗಳದ್ದು, ನಿಯಮದ್ದು, ವಿಡಂಬನೆದು. ಎರಡು ಮಾತಲ್ಲಿ ಹೇಳಿ ಸಾಕು.”

ನಸ್ರುಲ್ಲಾ ಟೋಪಿ ಸರಿಮಾಡಿಕೊಂಡ. “ಹೇಳ್ಕೊಡ್ಲಿಲ್ಲ ಕಣಮ್ಮ. ಯಾರಿಗೂ ಹೇಳ್ಕೊಟ್ಟಿಲ್ಲ. ಪ್ರತಿ ವರ್ಷ ಪಾಠದಲ್ಲಿ ಇಂಗ್ಲೆಂಡಿನ ರಾಜನ ತಲೆ ಹಾರೋ ಹೊತ್ತಿಗೆ ಪರೀಕ್ಷೆ ಬಂದ್ಬಿಡ್ತಿತ್ತು. ಆಮೇಲಿನದ್ದನ್ನ ಮದ್ರಾಸ್ ಗೈಡು ತರಿಸಿ ಉರು ಹೊಡೆದೆ, ಪಾಸಾದೆ. ಈಗ ಅದರಲ್ಲಿ ಒಂದಕ್ಷರ ನೆನಪಿಲ್ಲ. ಮೇಷ್ಟ್ರು ಹೇಳಿದ್ದು ಮಾತ್ರ ಕಣ್ಣಿಗೆ ಕಟ್ಟಿದಂಗೆ ಹಂಗೇ ಇದೆ, ಖುದಾಕೀ ಕಸಮ್.”

“ಕಣ್ಣಿಗೆ ಕಟ್ಟಿದ್ದು ನನಗೂ ಇದೆ ಅಣ್ಣಾ. ನನಗೆ ಬೇಕಾಗಿರೋದು ಮಾರ್ಕು.”

ಅಂದಮೇಲೆ ಅವಳ ಕಣ್ಣು ತುಂಬಿತು. ಇದೇ ಮಾತನ್ನು ನಿನ್ನೆ ಅಪ್ಪನಿಗೂ ಅಂದಿದ್ದಳು.

*

ನಿನ್ನೆ ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪ ಮಗಳು ಎದುರುಬದುರು ಕೂತಿದ್ದರು. ಇಬ್ಬರೂ ಈ ಸಲ ಒಟ್ಟಿಗೇ ಪರೀಕ್ಷೆ ಕಟ್ಟಿದ್ದರು. ಅವಳಿಗೆ ಮೊದಲನೇ ಸಲ, ಅವರಿಗೆ ಆರನೇ ಸಲ. ಊರಿಗೆಲ್ಲ ಇದೊಂದು ತಮಾಷೆ.

“ಅಪ್ಪಾ, ಕೊನೇ ಪಾಠ ಒಂದು ಹೇಳಿಬಿಡಿ. ಪ್ರಶ್ನೆ ಬರೋದೇ ಅಲ್ಲಿಂದ.”

“ಹೇಳ್ತೀನಿ. ಕಾಫಿ ಅಂಗಡೀಲಿ ಕೂತು ಒಬ್ಬರ ಕಾಲು ಒಬ್ಬರು ಎಳೆಯೋ ಕವಿಗಳು ಅವರು. ಜೋಡೆತ್ತು ಹೂಡಿದ ಹಾಗೆ ಎರಡೆರಡು ಸಾಲು, ಒಂದು ಹೆಜ್ಜೆ ಆಚೀಚೆ ಆಗೋ ಹಾಗಿಲ್ಲ. ಅಷ್ಟು ಅಳತೆ ಯಾಕೆ ಬೇಕಾಯ್ತು? ಅದಕ್ಕೆ ಮುಂಚೆ ದೇಶವೇ ಅಳತೆ ತಪ್ಪಿತ್ತು. ರಾಜನ ತಲೆ ಕಡಿದಿದ್ರು, ನಾಟಕಶಾಲೆಗೆ ಬೀಗ ಹಾಕಿದ್ರು. ಯಾಕೆ ಹಾಕಿದ್ರು? ಅದು ತಿಳೀಬೇಕಾದ್ರೆ ಇನ್ನೂ ಹಿಂದಕ್ಕೆ…”

“ಹಿಂದಕ್ಕೆ ಬೇಡ!” ಚನ್ನಮಲ್ಲಮ್ಮ ಪುಸ್ತಕ ಮುಚ್ಚಿದಳು. “ಯಾವಾಗ ನೋಡಿದ್ರೂ ಹಿಂದಕ್ಕೆ. ಜನ್ಮದಲ್ಲಿ ಒಂದು ಸಲವಾದ್ರೂ ಕೊನೆ ಮುಟ್ಟಿದ್ದೀರಾ ನೀವು? ನಿಮಗೆ ಫೇಲಾಗೋದು ಅಭ್ಯಾಸ, ನನಗೆ ಆಗಲ್ಲ. ನನಗೆ ಬೇಕಾಗಿರೋದು ಮಾರ್ಕು.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ನೀನನ್ನೋದೂ ಸರಿ,” ಎಂದರು. “ನಾಳೆ ಬಸ್ಸಲ್ಲಿ ಹೇಳ್ತೀನಿ. ಬರೀ ಅದೊಂದೇ ಪಾಠ. ತುಮಕೂರು ಬರೋಷ್ಟರಲ್ಲಿ ಮುಗಿಸ್ತೀನಿ, ಆಣೆ.”

ಇವತ್ತು ಬೆಳಗ್ಗೆ ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದೊಂದನ್ನು ಮಾತ್ರ ಅವರು ಬೇಗ ಮುಗಿಸಿದರು.

*

ಗೂಡು ಸಿದ್ಧವಾಯಿತು. ನಾಲ್ಕು ಜನ ಮೇಷ್ಟ್ರನ್ನು ಇಳಿಸಿ ಕೂರಿಸಿದರು. ಅಯ್ಯನವರು ಇಷ್ಟಲಿಂಗವನ್ನು ಮೇಷ್ಟ್ರ ಎಡಗೈಯಲ್ಲಿಟ್ಟು ಮಂತ್ರ ಹೇಳಿ, ಸೊಂಟದವರೆಗೆ ವಿಭೂತಿ, ಬಿಲ್ವಪತ್ರೆ ತುಂಬಿಸಿ ಮೇಲೆ ಬಂದರು. ಅಷ್ಟರಲ್ಲಿ ರಸ್ತೆಯ ಮೇಲೆ ಹೊಗೆ ಕಾಣಿಸಿತು. ಹಬೀಬ್ ಸಾಬ್ ಹಾರನ್ ಒತ್ತಿದ.

“ಮಣ್ಣು ಹಾಕಮ್ಮ, ಬೇಗ,” ಎಂದರು ಅಯ್ಯನವರು.

ಚನ್ನಮಲ್ಲಮ್ಮ ಹಿಡಿ ಮಣ್ಣು ತೆಗೆದುಕೊಂಡಳು. ನಸ್ರುಲ್ಲಾ ಅವಳ ಚೀಲ ಎತ್ತಿಕೊಂಡ. ವಕೀಲನಲ್ಲವೇ, ಕಾಗದ ನೋಡದೆ ಕಾಲು ಕೀಳುವವನಲ್ಲ. “ಹಾಲ್ ಟಿಕೆಟ್ ಇದೆ ತಾನೇ?” ಎಂದು ನೋಟ್ಸಿನೊಳಗಿಂದ ಅದನ್ನು ಬಿಡಿಸಿ ಓದಿದ.

“ಇದು ನಿನ್ನದಲ್ಲ ಕಣಮ್ಮ. ಮೇಷ್ಟ್ರದು.”

“ಎರಡೂ ಪೆಟ್ಟಿಗೇಲಿತ್ತು… ಬೆಳಗ್ಗೆ ಗಾಬರೀಲಿ ಇದ್ದದ್ದನ್ನ ಇಟ್ಕೊಂಡೆ…” ಚನ್ನಮಲ್ಲಮ್ಮ ತಡವರಿಸಿದಳು. “ಇನ್ನೊಂದು ಎಲ್ಲಿ?”

ಸಿದ್ದಗಂಗಮ್ಮ ಎದ್ದು ನಿಂತಳು.

“ಅವರ ಜೇಬಲ್ಲಿಟ್ಟೆ,” ಎಂದಳು. “ನಾಲ್ಕು ದಿನದಿಂದ ಕೋಟಿಗೆ ಇಸ್ತ್ರಿ ಹಾಕಿಸಿ ಕಾಯ್ತಾ ಇದ್ರು. ಹೊರಟೋರು ಬರಿಗೈಲಿ ಯಾಕೆ ಹೋಗ್ಬೇಕು ಅಂತ ಇಟ್ಟೆ. ಎರಡೂ ಒಂದೇ ಥರ ಇತ್ತು ಕಣೇ. ಇಂಗ್ಲಿಷ್ ಅಕ್ಷರ ನನಗೇನು ಗೊತ್ತು?”

ಹಾರನ್ ಮತ್ತೆ ಕೂಗಿತು.

“ಆಯ್ತಲ್ಲ,” ಎಂದ ಸಂಜೀವಯ್ಯ. “ಲಿಂಗಕ್ಕೆ ಒಪ್ಪಿಸಿದ ಮೇಲೆ ಜೇಬಿಗೆ ಕೈ ಹಾಕೋದುಂಟಾ? ಸಿವ ಬ್ಯಾಡ ಅಂದವ್ನೆ. ಬಸ್ಸು ಹೋಗ್ಲಿ ಬುಡು.”

ಎಲ್ಲರೂ ಅಯ್ಯನವರ ಮುಖ ನೋಡಿದರು. ಇಷ್ಟು ಹೊತ್ತು ಧೈರ್ಯದ ಮಾತಾಡಿದ್ದ ಅವರೂ ಈಗ ತಲೆ ತಗ್ಗಿಸಿದರು. “ಮಂತ್ರ ಆದ ಮೇಲೆ ಮುಟ್ಟಬಾರದು ಅಂತಾರಮ್ಮ. ನಾನು ಹೆಂಗೆ ಹೇಳ್ಲಿ…”

ನಸ್ರುಲ್ಲಾ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ. ತಾನು ಇಳಿದರೆ ಬೇರೆಯೇ ಜಗಳವಾದೀತೆಂದು ಅವನಿಗೆ ಗೊತ್ತಿತ್ತು.

ಸಿದ್ದಗಂಗಮ್ಮ ಯಾರನ್ನೂ ಕೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬೊಮ್ಮಪ್ಪನ ಹೆಗಲ ಮೇಲೆ ಕೈಯೂರಿ ಗುಂಡಿಗೆ ಇಳಿದುಬಿಟ್ಟಳು. ಸಂಜೀವಯ್ಯ ಬಾಯಿ ತೆರೆಯುವಷ್ಟರಲ್ಲಿ ಅವಳು ಗಂಡನ ಮುಂದೆ ಮಂಡಿಯೂರಿದ್ದಳು.

“ರೀ, ತಪ್ಪಾಗಿ ಅವಳದ್ದನ್ನ ಇಟ್ಬುಟ್ಟಿದ್ದೀನಿ. ಕೊಡಿ ಇಲ್ಲಿ,” ಎಂದು ಕೋಟಿನ ಗುಂಡಿ ಬಿಚ್ಚಿ ಒಳಜೇಬಿಗೆ ಕೈ ಹಾಕಿದಳು. ಮಡಿಸಿದ ಕಾಗದವನ್ನು ಸೆರಗಿನಿಂದ ಒರೆಸಿ ಮೇಲೆ ಚಾಚಿದಳು. “ನಸ್ರುಲ್ಲಾ, ಓದಪ್ಪ. ಇವಳದೇ ತಾನೇ?”

“ಇವಳದೇ ಅಮ್ಮ.”

“ಅವರದು ಕೊಡು ಮತ್ತೆ.” ಅದನ್ನು ಕೈಗೆ ತೆಗೆದುಕೊಂಡು ಮಗಳನ್ನು ನೋಡಿದಳು. “ಏನು ನೋಡ್ತಾ ನಿಂತಿದ್ದೀಯ? ಹೋಗೇ!”

ಚನ್ನಮಲ್ಲಮ್ಮ ಓಡಿದಳು. ಒಂದು ಕೈಯಲ್ಲಿ ಹಾಲ್ ಟಿಕೆಟ್, ಇನ್ನೊಂದು ಕೈಯಲ್ಲಿ ಹಾಕದೆ ಉಳಿದ ಮಣ್ಣು. ನಸ್ರುಲ್ಲಾ ಚೀಲ ಹಿಡಿದು ಹಿಂದೆ ಓಡಿದ. ಬಸ್ಸಿನ ಬಾಗಿಲು ಬಡಿದ ಸದ್ದು ಕೇಳಿಸಿತು, ಹೊಗೆ ಮೆಲ್ಲಗೆ ತುಮಕೂರಿನ ಕಡೆಗೆ ತಿರುಗಿತು.

ಗುಂಡಿಯಲ್ಲಿ ಸಿದ್ದಗಂಗಮ್ಮ ಗಂಡನ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟಳು. ಆಮೇಲೆ ಕೆಳಗಿನಿಂದ ಒಂದೊಂದಾಗಿ ಕೋಟಿನ ಗುಂಡಿ ಹಾಕತೊಡಗಿದಳು. ಕೊರಳ ಹತ್ತಿರದ್ದು ಕಾಜಕ್ಕೆ ಸೇರಲೊಲ್ಲದು. ಎರಡು ಸಲ ಜಾರಿತು, ಅವಳು ಮತ್ತೆ ಹಿಡಿದಳು. ಮೇಲೆ ಸಂಜೀವಯ್ಯ, ಅಯ್ಯನವರು, ಬೊಮ್ಮಪ್ಪ, ಊರಿನವರೆಲ್ಲ ಹಿಡಿ ಹಿಡಿ ಮಣ್ಣು ಹಿಡಿದುಕೊಂಡು ನಿಂತಿದ್ದರು. ಹೊತ್ತಾಯಿತೆಂದು ಯಾರೊಬ್ಬರೂ ಹೇಳಲಿಲ್ಲ.