ಪಿಳ್ಳಮ್ಮನ ಸೀಟ್ ಬೆಲ್ಟ್

ಬೊಮ್ಮಸಂದ್ರದ ಮಾತ್ರೆ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ನಂದೀಶ್ ಆ ಬೇಸಿಗೆಯಲ್ಲಿ ಮಧ್ಯಾಹ್ನದ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದ. ಬೆಳಿಗ್ಗೆ ತಾಯಿ ಪಿಳ್ಳಮ್ಮನನ್ನು ಸಿಟಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೊಟ್ಟೆಯೊಳಗಿನ ಕ್ಯಾನ್ಸರ್ ಗಡ್ಡೆಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಿದ್ದರು.

ಕಾರು ಹಳೆಯದು. ಪಿಳ್ಳಮ್ಮ ಕೂರುವ ಕಡೆಯ ಸೀಟ್ ಬೆಲ್ಟ್ ಎಳೆದರೆ ಬರುತ್ತಿತ್ತು, ಬಿಟ್ಟರೆ ವಾಪಸ್ ಒಳಗೆ ಹೋಗುತ್ತಿರಲಿಲ್ಲ. ಹಾಕಿಕೊಂಡರೂ ಎದೆಯ ಮೇಲೆ ಸಡಿಲವಾಗಿ ಜೋತುಬಿದ್ದು ಮಡಿಲಲ್ಲಿ ಗುಡ್ಡೆಯಾಗುತ್ತಿತ್ತು. ಅವಳು ಇಳಿದ ಮೇಲೆ ನಂದೀಶ್ ಅದನ್ನು ಕೈಯಿಂದ ಒಳಗೆ ತುರುಕಿ ಬಾಗಿಲು ಹಾಕುತ್ತಿದ್ದ.

ಒಂದು ದಿನ ಹೊಸೂರು ರಸ್ತೆಯಲ್ಲಿ ಕಂಪನಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡಿದ್ದಾಗ ಪಿಳ್ಳಮ್ಮ ಆ ಬೆಲ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ನೋಡ್ದಾ ನಂದಿ, ಮದ್ಲು ಇದು ಮೈಗೆ ಕಚ್ಕೊಂಡಿರೋದು. ಈಗ ಇದರ ಕೈಗೂ ಸಿಗ್ದಂಗೆ ಕರಗೋಗಿದೀನಿ."

"ಬೆಲ್ಟ್ ಕೆಟ್ಟಿರೋದು ಕಣವ್ವ."

"ಸುಮ್ಕಿರು. ನನ್ ಮೈ ನಂಗೊತ್ತಿಲ್ವಾ?"

ಒಂದು ಕಾಲಕ್ಕೆ ಸೊಪ್ಪಿನ ಹೊರೆ ಹೊತ್ತು ಹೊಲದಿಂದ ಓಡಿಬರುತ್ತಿದ್ದ ಹೆಂಗಸು. ನಂದೀಶನಿಗೆ ರಸ್ತೆ ಮಂಜಾಯಿತು.

ಅದೇ ಶನಿವಾರ ಕಾರನ್ನು ರುದ್ರೇಶನ ಗ್ಯಾರೇಜಿಗೆ ಬಿಟ್ಟ. ಸ್ಪ್ರಿಂಗ್ ಹೋಗಿರಬೇಕು ಎಂದುಕೊಂಡಿದ್ದರೆ ರುದ್ರೇಶ್ ಬೆಲ್ಟಿನ ಮೇಲೆ ಹೆಬ್ಬೆರಳು ಉಜ್ಜಿ ತೋರಿಸಿದ. ಬೆವರು, ಧೂಳು, ತಲೆಗೆ ಹಚ್ಚಿದ ಎಣ್ಣೆ ಸೇರಿ ಜಿಡ್ಡುಗಟ್ಟಿತ್ತು. ಮೇಲೆ ಬೆಲ್ಟ್ ತೂರಿ ಬರುವ ಬಳೆಯಲ್ಲೂ ಅದೇ ಕೊಳೆ. ಇಬ್ಬರೂ ಸೇರಿ ಬೆಲ್ಟನ್ನು ಪೂರ್ತಿ ಹೊರಗೆಳೆದು, ಒಳಕ್ಕೆ ಓಡದಂತೆ ಕ್ಲಿಪ್ ಹಾಕಿ, ಸೋಪಿನ ನೀರಲ್ಲಿ ಬ್ರಷ್ಷಿನಿಂದ ತಿಕ್ಕಿದರು. ಬಕೆಟ್ಟಿನ ನೀರು ಕಪ್ಪಾಯಿತು. "ಚೆನ್ನಾಗಿ ಒಣಗೋವರ್ಗೂ ಕ್ಲಿಪ್ ತೆಗೀಬೇಡಿ ಅಣ್ಣ" ಎಂದ ರುದ್ರೇಶ್. ಭಾನುವಾರ ಸಂಜೆ ನಂದೀಶ್ ಕ್ಲಿಪ್ ತೆಗೆದಾಗ ಬೆಲ್ಟ್ ಸರ್ರನೆ ಒಳಗೆ ಸೇರಿಕೊಂಡಿತು.

ಸೋಮವಾರ ಪಿಳ್ಳಮ್ಮ ಬೆಲ್ಟ್ ಹಾಕಿಕೊಂಡಳು. ಅದು ಭುಜದಿಂದ ಸೊಂಟದವರೆಗೂ ಮೈಗೆ ಒತ್ತಿ ಕೂತಿತು. ಅವಳು ಬೆಚ್ಚಿ ಕೆಳಗೆ ನೋಡಿದಳು. ಮುಖ ಅರಳಿತು.

"ಲೋ ನಂದಿ, ಬಿಗಿಯಾಯ್ತು ಕಣೋ! ಮೈ ತುಂಬ್ತಾ ಐತೆ!"

ರಿಪೇರಿ ಮಾಡಿಸಿದೆ ಎನ್ನಲು ನಂದೀಶ್ ಬಾಯಿ ತೆರೆದ. ಎಷ್ಟೋ ದಿನದ ಮೇಲೆ ಅವ್ವ ನಕ್ಕಿದ್ದಳು. "ಹೂಂ ಕಣವ್ವ" ಅಂದುಬಿಟ್ಟ.

ಆ ವಾರವೇ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಗಡ್ಡೆ ಲಿವರಿಗೆ ಹರಡಿದೆ, ಇನ್ನು ಕರೆಂಟ್ ಕೊಟ್ಟು ಪ್ರಯೋಜನವಿಲ್ಲ, ನೋವು ಕಾಣದಂತೆ ನೋಡಿಕೊಳ್ಳೋಣ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಪಿಳ್ಳಮ್ಮ "ಏನಂದ್ರು?" ಎಂದಳು.

"ಕರೆಂಟ್ ಸಾಕಂತೆ. ಇನ್ಮೇಲೆ ಬರೀ ಮಾತ್ರೆ."

"ನಂಗೊತ್ತಿತ್ತು" ಎಂದು ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

ಸರ್ಜಾಪುರದಲ್ಲಿದ್ದ ತಂಗಿ ಮರಿಯಮ್ಮನಿಗೆ ಅಂದೇ ಫೋನ್ ಮಾಡಿಸಿದಳು. ಮರಿಯಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು, ಬರುವಂತಿರಲಿಲ್ಲ. "ನೀನಾದ್ರೂ ಬಾರಕ್ಕ, ನೋಡ್ಬೇಕು ಅನ್ನಿಸ್ತೈತೆ" ಎಂದು ಅತ್ತಳು.

"ಈಗ ಬ್ಯಾಡ ಕಣೆ. ಇಂಗೆ ಕಡ್ಡಿ ಆಗಿರೋದ್ನ ನೋಡಿ ಎದೆ ಒಡ್ಕೊಂತೀಯ. ದಿನಾ ತುಂಬ್ಕೊಂತಾ ಇದೀನಿ. ಇನ್ನೊಂಚೂರು ಆಗ್ಲಿ, ಬತ್ತೀನಿ."

ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ಮನೆ ಮುಂದೆ ನಿಂತ ಕಾರಿನಲ್ಲಿ ಕೂತು ಬೆಲ್ಟ್ ಹಾಕಿ ನೋಡುವುದು ಅವಳಿಗೆ ಅಭ್ಯಾಸವಾಯಿತು. ಮೂಳೆಗೆ ಚರ್ಮ ಅಂಟಿಕೊಂಡಿತ್ತು. ಬೆಲ್ಟ್ ಮಾತ್ರ ಬಿಗಿಯಾಗಿಯೇ ಇರುತ್ತಿತ್ತು, ಅವಳಿಗೆ ಅಷ್ಟೇ ಸಾಕಿತ್ತು. ತಂಗಿ ಫೋನ್ ಮಾಡಿದಾಗಲೆಲ್ಲ ಯುಗಾದಿ ಕಳೀಲಿ, ಬಿಸಿಲು ಇಳೀಲಿ ಎಂದು ಮುಂದಕ್ಕೆ ಹಾಕುತ್ತಿದ್ದಳು.

ನಂದೀಶನ ಹೆಂಡತಿ ಯಮುನಾ ಒಂದು ದಿನ ಅಡುಗೆಮನೆಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು. "ಅತ್ತೆಗೆ ಯಾವಾಗ ಹೇಳ್ತೀರ? ಎರಡು ತುತ್ತೂ ಇಳೀತಿಲ್ಲ. ಚಿಕ್ಕತ್ತೆನ ನೋಡೋ ಆಸೆ ಇಟ್ಕೊಂಡೇ ಹೋಗ್ಬಿಟ್ರೆ ನಿಮಗೆ ನಿದ್ದೆ ಬರುತ್ತಾ?"

ಮರುದಿನ ಬೆಳಿಗ್ಗೆ ಪಿಳ್ಳಮ್ಮ ಕಾರಿನಲ್ಲಿ ಕೂತಿದ್ದಾಗ ನಂದೀಶ್ ಹೋಗಿ ಪಕ್ಕದ ಸೀಟಿನಲ್ಲಿ ಕೂತ.

"ಅವ್ವ, ಬೆಲ್ಟ್ ನಾನು ಸರಿಮಾಡ್ಸಿದ್ದು. ಕೊಳೆ ಕಟ್ಟಿತ್ತು, ತೊಳ್ಸಿದೆ. ಅದಕ್ಕೇ ಬಿಗಿಯಾಗೋದು."

ಅವಳು ಎದೆಯ ಮೇಲಿನ ಬೆಲ್ಟನ್ನು ಮುಟ್ಟಿಕೊಂಡಳು. "ಮತ್ತೆ ಡಾಕ್ಟ್ರು?"

"ಕೈ ಬಿಟ್ರು ಕಣವ್ವ. ಹೋದ ತಿಂಗಳೇ ಹೇಳಿದ್ರು."

ಬೀದಿಯಲ್ಲಿ ಶಿಫ್ಟ್ ಮುಗಿಸಿದವರ ಬೈಕುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪಿಳ್ಳಮ್ಮ ಅತ್ತಲೇ ನೋಡಿದಳು. ಅಳಲಿಲ್ಲ.

"ಆ ಒಂದು ತಿಂಗಳು ನಂದು ಕಣೋ" ಎಂದಳು. "ಅದ್ನ ನೀನು ಬಚ್ಚಿಟ್ಕೊಂಬುಟ್ಟೆ."

"ನೀನು ನಗ್ತಾ ಇದ್ದೆ ಕಣವ್ವ…" ನಂದೀಶ್ ಸ್ಟೇರಿಂಗಿಗೆ ಹಣೆ ಒತ್ತಿ ಅತ್ತ. ಅವಳ ಕೈ ಅವನ ತಲೆಯ ಮೇಲೆ ಬರಲಿಲ್ಲ. "ಯಮುನಾಗೆ ನನ್ ಸೀರೆ ಗಂಟು ಕಟ್ಟಕ್ ಹೇಳು. ಸರ್ಜಾಪುರಕ್ಕೆ ಬಿಡು" ಎಂದಳು.

ಮಧ್ಯಾಹ್ನದೊಳಗೆ ತಲುಪಿದರು. ನಂದೀಶ್ ಅವಳನ್ನು ಮಗುವಿನಂತೆ ಎತ್ತಿಕೊಂಡೇ ಒಳಗೆ ಹೋದ. ಮಂಚದ ಮೇಲಿದ್ದ ಮರಿಯಮ್ಮ ಒಂದು ಗಳಿಗೆ ಗುರುತು ಸಿಗದೆ ಕಣ್ಣು ಕಿರಿದು ಮಾಡಿದಳು. "ಯಾರಪ್ಪ ಇವ್ರು?" ಎಂದವಳು ಮರುಕ್ಷಣ "ಅಕ್ಕಾ" ಎಂದು ಚೀರಿದಳು. ಮರಿಯಮ್ಮ ಮಂಚದಿಂದ ಏಳಲಾರಳು, ಪಿಳ್ಳಮ್ಮ ನಿಲ್ಲಲಾರಳು. ನಂದೀಶ್ ಒಬ್ಬಳನ್ನು ಇನ್ನೊಬ್ಬಳ ಪಕ್ಕ ಮಲಗಿಸಿದ.

ಮೊದಲ ಕೆಲವು ದಿನ ಅಕ್ಕತಂಗಿಯರು ಸಣ್ಣ ದನಿಯಲ್ಲಿ ಮಾತಾಡಿಕೊಂಡರು. ಹೊಲ, ಸತ್ತುಹೋದ ದನಗಳು, ಯಾವುದೋ ಮದುವೆಯಲ್ಲಿ ಕಳೆದುಹೋದ ಓಲೆ. ನಂದೀಶ್ ದಿನವೂ ಡ್ಯೂಟಿಗೆ ಮುಂಚೆ ಹೋಗುತ್ತಿದ್ದ. ಅವನು ಬಂದರೆ ಪಿಳ್ಳಮ್ಮ "ಉಂಡ್ಯಾ?" ಎನ್ನುತ್ತಿದ್ದಳು, ಬೇರೇನೂ ಇಲ್ಲ. ವಾರ ಕಳೆಯುವುದರೊಳಗೆ ನೋವಿನ ಮಾತ್ರೆ ಹೆಚ್ಚಾಗಿ, ದಿನದ ಬಹುಪಾಲು ಮಂಪರಿನಲ್ಲೇ ಇದ್ದಳು. ಮರಿಯಮ್ಮ ಮಾತ್ರ ಮಾತಾಡುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಮುಗಿದಿತ್ತು. ಮರಿಯಮ್ಮ ಅಕ್ಕನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ನನ್ ವಿಚಾರ ಏನಾದ್ರೂ ಅಂದ್ಳಾ ಚಿಕ್ಕವ್ವ?" ಎಂದು ಕೇಳಿದ ನಂದೀಶ್.

ಮರಿಯಮ್ಮ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೂ ಮನಸ್ಸಾಗಿರಬೇಕು.

"ಇಲ್ಲ ಕಣಪ್ಪ" ಎಂದಳು. "ನಿದ್ದೇಲೇ ಹೋಗ್ಬುಟ್ಳು."