ಸದ್ದಿಲ್ಲದ ಪಾಂಟಿಯಾಕ್

ಅರಬ್ ನಾಡಿನ ಬುರೈದಾ ಪಟ್ಟಣದ ಗ್ಯಾರೇಜು ಓಣಿಯಲ್ಲಿ ಅಬ್ದುಲ್ ಹಕೀಂನಷ್ಟು ಜಂಬದ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಇದ್ದರೆ ತಪ್ಪೇನು? ಅವನ ಕೈಯಲ್ಲಿ ರಿಪೇರಿಯಾದ ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ನಿಲ್ಲುತ್ತಿತ್ತು. ಉಪ್ಪಿನಂಗಡಿಯ ಬಸ್ ಗ್ಯಾರೇಜಿನಲ್ಲಿ ಕೆಲಸ ಕಲಿಸಿದ ಉಸ್ತಾದರು, ಬಾನೆಟ್ಟಿನ ಮೇಲೆ ತುಂಬಿದ ಚಾ ಗ್ಲಾಸು ಇಟ್ಟು ಇಂಜಿನ್ ಚಾಲೂ ಮಾಡಿಸುತ್ತಿದ್ದರು. ಒಂದು ಹನಿ ಚೆಲ್ಲಿದರೂ ಕಿವಿ ಹಿಂಡುತ್ತಿದ್ದರು. ಆ ಉರಿಯನ್ನು ಹಕೀಂ ಮೂವತ್ತು ವರ್ಷವಾದರೂ ಮರೆತಿರಲಿಲ್ಲ.

ಖರ್ಜೂರದ ವ್ಯಾಪಾರಿ ಸಾಲಿಹ್ ತನ್ನ ತೋಟದ ಶೆಡ್ಡಿನಿಂದ 1970ರ ಪಾಂಟಿಯಾಕ್ ಜಿಟಿಒ ಎಂಬ ಅಮೆರಿಕನ್ ಕಾರೊಂದನ್ನು ಎಳೆಸಿಕೊಂಡು ಬಂದಾಗ, ಅದರ ಹಿಂದಿನ ಸೀಟಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು.

"ಅಪ್ಪನ ಗಾಡಿ ಇದು," ಎಂದ ಸಾಲಿಹ್. "ಅವರಿಗೀಗ ಕಣ್ಣು ಕಾಣುವುದಿಲ್ಲ. ಕೂರಿಸಿದ ಕೂಡಲೇ 'ಇದು ನನ್ನದು' ಅನ್ನಬೇಕು. ಬೇರೇನೂ ಬೇಡ, ಹಕೀಂ."

ಎಂಟು ತಿಂಗಳು ಹಿಡಿಯಿತು. ಬಾಗಿಲ ಹಿಡಿಯಿಂದ ಹಿಡಿದು ಬಂಪರ್‌ವರೆಗೆ ಅಮೆರಿಕದಿಂದ ತರಿಸಿದ್ದಾಯಿತು. ಪೇಂಟರ್ ಅಖಿಲೇಶ್, ಸುಳ್ಯದವನು, ಹಳೆಯ ಹಸಿರು ಬಣ್ಣವನ್ನೇ ಹುಡುಕಿ ಬಳಿದ. ಕೊನೆಗೆ ಹಕೀಂ ಪ್ರೀತಿಯಿಂದ, ತನ್ನ ಕಡೆಯಿಂದ ಉಡುಗೊರೆ ಎಂದು, ಹೊಗೆ ಕೊಳವೆಗಳಿಗೆ ಎರಡು ದಪ್ಪ ಸೈಲೆನ್ಸರ್ ಕಟ್ಟಿದ. ಇಂಜಿನ್ ಅಲುಗದಂತೆ ಕಾರ್ಬ್ಯುರೇಟರ್ ತಿರುಪನ್ನೂ ನಾಜೂಕಾಗಿ ಹದಮಾಡಿದ.

"ಹಕೀಂ ಭಾಯ್, ಈ ಗಾಡಿ ಗುಡುಗುವುದೇ ಚಂದ ಅಲ್ವಾ? ನಾನು ವಿಡಿಯೋದಲ್ಲಿ ನೋಡಿದ್ದೇನೆ," ಎಂದ ಅಖಿಲೇಶ್.

"ಎಂತ ಚಂದ ಮಾರಾಯ? ಗುಡುಗ್ಲಿಕ್ಕೆ ಊರಲ್ಲಿ ಮಳೆಗಾಲ ಉಂಟು. ನೀನು ನಿನ್ನ ಬಣ್ಣ ನೋಡು."

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಸಾಲಿಹ್ ಅಪ್ಪನನ್ನು ಕರೆತಂದ. ಹಕೀಂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾನೆಟ್ಟಿನ ಮೇಲೆ ಚಾ ಗ್ಲಾಸು ಇಟ್ಟು ಕಾದಿದ್ದ. ಮುದುಕರು ಸ್ಟೇರಿಂಗಿನ ಮುಂದೆ ಕುಳಿತರು, ಸಾಲಿಹ್ ಹಿಂದೆ ಕುಳಿತ. ಹಕೀಂ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದ. ಚಾ ಅಲುಗಲಿಲ್ಲ. ಉಸ್ತಾದರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಮುದುಕರು ಸ್ವಲ್ಪ ಹೊತ್ತು ಕಾದು, "ಚಾಲೂ ಮಾಡು," ಎಂದರು.

"ಚಾಲೂ ಆಗಿದೆ, ಅಪ್ಪ."

"ಹಾಗಾದರೆ ಇದು ನನ್ನದಲ್ಲ. ನನ್ನ ಗಾಡಿ ತಿರುವಿಗೆ ಬರುವಾಗಲೇ ಸದ್ದು ಕೇಳಿ ನಿನ್ನ ಅಮ್ಮ ಕಾಫಿ ಒಲೆಗೆ ಇಡುತ್ತಿದ್ದಳು. ಪಾಪ, ಯಾರದೋ ಒಳ್ಳೆಯ ಗಾಡಿ. ವಾಪಸ್ ಕೊಟ್ಟುಬಿಡು." ಅವರು ಊರುಗೋಲಿಗಾಗಿ ತಡಕಾಡಿದರು.

ಸಾಲಿಹ್‌ನ ಮುಖ ಬಾಡಿಹೋಯಿತು. ಹಕೀಂನ ಕಿವಿ ಉರಿಯಿತು. ಅಯ್ಯೋ, ತನ್ನ ಬುದ್ಧಿಗೆ ಏನು ಮಂಕು ಕವಿದಿತ್ತು! ಆ ಮನುಷ್ಯ ಕೇಳಿದ್ದು ಒಂದೇ ಒಂದು, ತಾನು ಹೊಸಕಿ ಹಾಕಿದ್ದೂ ಅದನ್ನೇ.

"ಹತ್ತೇ ನಿಮಿಷ, ಇಳಿಯಬೇಡಿ!" ಎಂದು ಅರಬಿಯಲ್ಲಿ ಕೂಗಿ ಇಂಜಿನ್ ನಿಲ್ಲಿಸಿದ. "ಯಲ್ಲಾ ಅಖಿಲೇಶ್, ಜಾಕ್ ತಾ!"

"ಭಾಯ್, ಅಂಗಿ!"

"ಅಂಗಿ ಹಾಳಾಗಿ ಹೋಗ್ಲಿ ಮಾರಾಯ!"

ಹಕೀಂ ಚಾ ಗ್ಲಾಸು ಇಳಿಸಿಟ್ಟು, ಜಾಕ್ ಏರಿಸಿ, ನೆಲಕ್ಕೆ ಬೆನ್ನು ಕೊಟ್ಟು ಗಾಡಿಯಡಿಗೆ ನುಗ್ಗಿದ. ಬೆರಳು ಸುಟ್ಟುಕೊಂಡು ಎರಡೂ ಸೈಲೆನ್ಸರ್ ಕಳಚಿ ಹೊರಗೆಸೆದ. ಎದ್ದು ಬಂದು ಬಾನೆಟ್ ತೆರೆದು, ಉಸ್ತಾದರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿ, ಕಾರ್ಬ್ಯುರೇಟರ್ ತಿರುಪನ್ನು ಸಡಿಲಿಸಿದ. ಬಾನೆಟ್ ಮುಚ್ಚಿ, ಜಾಕ್ ಇಳಿಸಿ, ಚಾ ಗ್ಲಾಸನ್ನು ಮೊದಲಿದ್ದಲ್ಲೇ ಇಟ್ಟು ಮತ್ತೆ ಕೀಲಿ ತಿರುಗಿಸಿದ.

ಓಣಿಯೇ ನಡುಗಿತು! ಗೋಡೆಯ ಮೇಲಿದ್ದ ಪಾರಿವಾಳಗಳು ಹಾರಿದವು. ಚಾ ಗ್ಲಾಸು ಬಾನೆಟ್ಟಿನ ಮೇಲೆ ಕುಣಿಯುತ್ತಾ ಹೋಗಿ ಕೆಳಗೆ ಬಿದ್ದು ಚೂರಾಯಿತು. ಮುದುಕರ ಬೆನ್ನು ನೆಟ್ಟಗಾಯಿತು. ಎಕ್ಸಲರೇಟರನ್ನು ಒಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಆಮೇಲೆ ಕತ್ತನ್ನು ತುಸು ಹಿಂದಕ್ಕೆ ವಾಲಿಸಿ ಗದರಿದರು: "ಸಾಲಿಹ್, ಸೀಟಿನ ಮೇಲೆ ಚಪ್ಪಲಿ ಕಾಲು ಇಡಬೇಡ ಅಂತ ಎಷ್ಟು ಸಲ ಹೇಳಬೇಕು?"

ಐವತ್ತನಾಲ್ಕು ವರ್ಷದ ಸಾಲಿಹ್‌ನ ಕಾಲು ನೆಲದ ಮೇಲೆಯೇ ಇತ್ತು. ಆದರೂ ಅವನು ಅದನ್ನು ಹಿಂದಕ್ಕೆಳೆದುಕೊಂಡು, "ತೆಗೆದೆ, ಅಪ್ಪ," ಎಂದ. ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡ.

"ಇದು ನನ್ನದೇ," ಎಂದರು ಮುದುಕರು. "ರಿಪೇರಿ ಮಾಡಿದವನು ಯಾರು?"

"ಹಕೀಂ. ಎಂಟು ತಿಂಗಳು ಕೆಲಸ ಮಾಡಿದ."

"ಎಂಟು ತಿಂಗಳಾ? ಏನು ಮಾಡಿದ ಅವನು? ಗಾಡಿ ಮೊದಲು ಹೇಗಿತ್ತೋ ಹಾಗೇ ಇದೆಯಲ್ಲ!"

ಅಖಿಲೇಶ್ ಬಾಯಿಗೆ ಕೈ ಅಡ್ಡ ಹಿಡಿದ. ಮೈತುಂಬ ಮಸಿಯಾಗಿದ್ದ ಹಕೀಂ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂವತ್ತು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ಇಷ್ಟು ಹೊಗಳಿರಲಿಲ್ಲ.