ಚನಿಯಪ್ಪ ಗೌಡರ ಬಾಯಾರಿಕೆ

ಚನಿಯಪ್ಪ ಗೌಡರು ತೀರಿಹೋದ ಮರುದಿನದಿಂದ ಅವರ ಹೆಂಡತಿ ಸೇಸಮ್ಮ ಪ್ರತಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಗಂಡನ ಮಂಚದ ಕೆಳಗೆ ಒಂದು ಚೆಂಬು ನೀರು ಇಡುತ್ತಿದ್ದರು. ಉತ್ತರಕ್ರಿಯೆ ಮುಗಿಯುವ ತನಕ ಸತ್ತವರು ಮನೆಯೊಳಗೇ ಇರುತ್ತಾರೆ, ಅವರಿಗೆ ಬಾಯಾರಬಾರದು ಎಂಬುದು ಕಕ್ಕಿಂಜೆಯ ಆ ಮನೆಯ ಹಿಂದಿನ ಕ್ರಮ. ಮಾವ ಸತ್ತಾಗಲೂ ಇಟ್ಟಿದ್ದರು, ಅತ್ತೆ ಸತ್ತಾಗಲೂ ಇಟ್ಟಿದ್ದರು. ಆಗೆಲ್ಲ ಬೆಳಗ್ಗೆ ನೋಡಿದರೆ ನೀರು ಇಟ್ಟ ಹಾಗೆಯೇ ಇರುತ್ತಿತ್ತು. ಈ ಸಲ ಕಡಿಮೆಯಾಗುತ್ತಿತ್ತು.

ಮೊದಲ ದಿನ ಎರಡು ಬೆರಳಿನಷ್ಟು ಇಳಿದಿತ್ತು. ಐದನೆಯ ದಿನ ಅರ್ಧ ಚೆಂಬು. ಸೋರುತ್ತದೆಯೋ ಎಂದು ನೆಲ ಮುಟ್ಟಿ ನೋಡಿದರೆ ಪಸೆಯೂ ಇಲ್ಲ. ತಪ್ಪನ್ನು ಬೆಕ್ಕಿನ ಮೇಲೆ ಹಾಕೋಣವೆಂದರೆ ಬಾಗಿಲು ಮುಚ್ಚಿಯೇ ಇತ್ತು. ಸೆಖೆಗೆ ಆರಿರಬೇಕು ಅತ್ತಿಗೆ ಎಂದು ಮೈದುನ ಪದ್ಮಯ್ಯ ಸಮಾಧಾನ ಹೇಳಿದ. ಸೇಸಮ್ಮ ತಲೆಯಾಡಿಸಿದರು. ಹತ್ತನೆಯ ದಿನ ಚೆಂಬು ಬರಿದಾಗಿತ್ತು. ಆ ಬೆಳಗ್ಗೆ ಅವರು ಕಾಫಿಯನ್ನು ಹಾಗೆಯೇ ಬಿಟ್ಟು ಚೆಂಬನ್ನು ಮತ್ತೆ ತುಂಬಿಸಿಟ್ಟರು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ ಹೇಳುತ್ತದೆ. ತಿನ್ನಿಸಿದವರು ಏನು ಕುಡಿಯಬೇಕೆಂದು ಗಾದೆಯಲ್ಲಿ ಇಲ್ಲ.

ಗೌಡರ ಮೂತ್ರಪಿಂಡ ಸೋತು ಎರಡು ವರ್ಷವಾಗಿತ್ತು. ಬಂಟ್ವಾಳದ ಡಾಕ್ಟರು ನೀರಿಗೂ ಉಪ್ಪಿಗೂ ಮಿತಿ ಹಾಕಿದ್ದರು. ಸೋಡಿಯಂ ದಿನಕ್ಕೆ ಎರಡು ಸಾವಿರ ಮಿಲಿಗ್ರಾಮಿನ ಒಳಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಭರಣಿಗಟ್ಟಲೆ ಮಿಡಿ ಉಪ್ಪಿನಕಾಯಿ ಹಾಕುವ ಮನೆಯ ಯಜಮಾನ ಸಪ್ಪೆ ಗಂಜಿ ಉಣ್ಣುತ್ತ ಮಾತನ್ನೇ ಬಿಟ್ಟರು. ಹಾಗಿರುವಾಗ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುವ ಮೊಮ್ಮಗಳು ವಿಸ್ಮಿತಾ ರಜೆಯಲ್ಲಿ ಬಂದವಳು ಚಿಪ್ಸ್ ಅದ್ದಿ ತಿನ್ನುವ ಖಾರದ ಚೀಸ್ ಡಿಪ್ಪಿನ ಒಂದು ಗಾಜಿನ ಬಾಟಲಿ ತಂದಳು. ಇದೇನು, ಗೋಡೆಗೆ ಬಳಿಯುವ ಬಣ್ಣವೋ ಎಂದು ಕೇಳುತ್ತ ಗೌಡರು ತುಸು ನೆಕ್ಕಿದರು. ಮತ್ತೆ ನೆಕ್ಕಿದರು. ಆಮೇಲೆ ಗಂಜಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡು, ನಿನ್ನ ಮದುವೆಗೆ ಪಾಯಸದ ಬದಲು ಇದನ್ನೇ ಬಡಿಸುವ ಎಂದು ಮೊಮ್ಮಗಳನ್ನು ನಗಿಸಿದರು, ತಾವೂ ನಕ್ಕರು. ಎರಡು ವರ್ಷದಲ್ಲಿ ಅದೇ ಮೊದಲ ನಗು.

ವಿಸ್ಮಿತಾ ಬಾಟಲಿ ತಿರುಗಿಸಿ ಓದಿ, ಸೋಡಿಯಂ ನೂರ ಅರುವತ್ತೈದು ಮಾತ್ರ, ಏನೂ ತೊಂದರೆಯಿಲ್ಲ ಎಂದಿದ್ದಳು. ಅವಳು ಹಾಸ್ಟೆಲಿಗೆ ಮರಳಿದ ಮೇಲೆ ಪರಿಚಯದವರ ಕೈಯಲ್ಲಿ ಇನ್ನೆರಡು ಬಾಟಲಿ ಕಳುಹಿಸಿದಳು. ದಿನಕ್ಕೊಂದರಂತೆ ಮೂರೂ ಮುಗಿದವು. ಕಾಲು ಬಾತಿತು, ಉಸಿರು ಕಟ್ಟಿತು. ಕಡೆಯ ದಿನ ಗೌಡರು ನೀರು, ನೀರು ಎಂದರು. ಮಿತಿ ಮೀರಬಾರದೆಂದು ಸೇಸಮ್ಮ ತುಟಿ ಮಾತ್ರ ಒದ್ದೆ ಮಾಡಿದರು. ಪ್ರಾಯವಾಗಿತ್ತು, ರೋಗವಿತ್ತು ಎಂದು ಎಲ್ಲರೂ ಹೇಳಿದರು.

ಕ್ರಿಯೆಯ ಹಿಂದಿನ ದಿನ ಪದ್ಮಯ್ಯ ಜೀನಸಿನ ಪಟ್ಟಿ ಬರೆಯಲು ಕುಳಿತ. ಅಣ್ಣನಿಗೆ ಸೇರುತ್ತಿದ್ದುದೆಲ್ಲ ಎಲೆಯಲ್ಲಿ ಬೀಳಬೇಕು, ಒಂದು ಬಿಟ್ಟರೂ ಜೀವ ಹೊಸಿಲು ದಾಟುವುದಿಲ್ಲ ಎಂದ. ಕೋಳಿ, ಒಣಮೀನಿನ ಚಟ್ನಿ, ಪತ್ರೊಡೆ, ಬೀಡಿ ಎಂದು ಒಂದೊಂದಾಗಿ ಬರೆಸಿದ ಸೇಸಮ್ಮ ಕೊನೆಗೆ ಡಿಪ್ಪಿನ ಹೆಸರು ಹೇಳಿದರು. ಮೂಲೆಯಲ್ಲಿ ಕುಳಿತಿದ್ದ ವಿಸ್ಮಿತಾ ಎದ್ದು ಹೊರಗೆ ಹೋದಳು. ಅಜ್ಜ ಸತ್ತ ದಿನದಿಂದ ಆ ಹುಡುಗಿ ಸರಿಯಾಗಿ ಉಂಡಿರಲಿಲ್ಲ.

ಸೇಸಮ್ಮ ಅವಳನ್ನೇ ಕರೆದುಕೊಂಡು ಬೆಳ್ತಂಗಡಿಯ ದೊಡ್ಡ ಅಂಗಡಿಗೆ ಹೋದರು. ಫ್ರಿಜ್ಜಿನ ಪಕ್ಕದಲ್ಲಿ ಅದೇ ಹಳದಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಏನೇನು ಹಾಕಿದ್ದಾರೆ ಓದು ಎಂದರು. ವಿಸ್ಮಿತಾ ಓದಿದಳು: ನೀರು, ಚೀಸ್, ತಾಳೆ ಎಣ್ಣೆ, ಹಸಿಮೆಣಸು, ಹಾಲಿನ ಪುಡಿ, ಪಿಷ್ಟ, ಉಪ್ಪು, ಮತ್ತೆ ಯಾವ ಯಾವುದೋ ಸಂಖ್ಯೆಯ ಲವಣಗಳು. ಆಮೇಲೆ ಕೆಳಗಿನ ಲೆಕ್ಕದ ಸಾಲಿಗೆ ಬೆರಳಿಟ್ಟು ಎರಡು ಸಲ ಓದಿದಳು.

"ಅಜ್ಜಿ, ನೂರ ಅರುವತ್ತೈದು ಅಂದದ್ದು ಒಂದು ಚಮಚಕ್ಕೆ. ನಾನು ಇಡೀ ಬಾಟಲಿಗೆ ಅಂದ್ಕೊಂಡೆ. ಇದರಲ್ಲಿ ಇಪ್ಪತ್ತು ಚಮಚ ಉಂಟು. ಮೂರು ಸಾವಿರದ ಮುನ್ನೂರು ಆಗ್ತದೆ. ಅಜ್ಜನನ್ನು ಕೊಂದದ್ದು ನಾನು."

ಸೇಸಮ್ಮ ಸುತ್ತ ನೋಡಲಿಲ್ಲ. ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಈ ಮಾತು ಒಂದು ದಿನ ಬರುತ್ತದೆಂದು ಅವರಿಗೆ ಗೊತ್ತಿತ್ತು. ತಾನು ಬಾಯಿ ಬಿಡಬೇಕಾಗಿ ಬಾರದಿದ್ದರೆ ಸಾಕು, ತಪ್ಪು ಮಗುವಿನ ತಲೆಯ ಮೇಲೆಯೇ ಉಳಿದರೂ ಉಳಿಯಲಿ ಎಂದು ಒಂದೆರಡು ಸಲ ಆಸೆಪಟ್ಟದ್ದೂ ಉಂಟು. ಚೆಂಬು ಬರಿದಾದ ಬೆಳಗ್ಗೆ ಅವರನ್ನು ಹೆದರಿಸಿದ್ದು ಆ ಆಸೆಯೇ.

"ನಿನ್ನದಲ್ಲ ಮಗಾ. ನಾನು ಮೊದಲ ದಿನವೇ ರುಚಿ ನೋಡಿದ್ದೆ. ಐವತ್ತು ವರ್ಷ ಉಪ್ಪಿನಕಾಯಿ ಹಾಕಿದ ನಾಲಿಗೆ ಇದು. ಅದು ಬರೀ ಉಪ್ಪು ಅಂತ ನನಗೆ ಗೊತ್ತಾಗಿತ್ತು. ಗೊತ್ತಾಗಿಯೇ ಬಡಿಸಿದೆ."

"ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ತೀರಿ ನೀವು."

"ಧರ್ಮಸ್ಥಳದ ಸ್ವಾಮಿಯ ಹೆಸರಿನಲ್ಲಿ ಹೇಳ್ತೇನೆ."

ಆ ಸೀಮೆಯಲ್ಲಿ ಈ ಮಾತಿನ ಮುಂದೆ ಇನ್ನೊಂದು ಮಾತಿಲ್ಲ. ಆ ಹೆಸರೆತ್ತಿ ಸುಳ್ಳಾಡಿದವರ ಮನೆ ಉಳಿಯುವುದಿಲ್ಲವೆಂದು ನಂಬಿದ ಜನ. ಸೇಸಮ್ಮ ತಮ್ಮ ಎಪ್ಪತ್ತೆರಡು ವರ್ಷದಲ್ಲಿ, ಜಾಗದ ತಕರಾರಿನಲ್ಲಿ ಕೂಡ, ಆ ಆಣೆ ಹಾಕಿದವರಲ್ಲ. ವಿಸ್ಮಿತಾಳಿಗೆ ಅದು ಗೊತ್ತಿತ್ತು. ಅವಳ ಮುಖ ಮೊದಲು ಸಡಿಲವಾಯಿತು, ಆಮೇಲೆ ಕಲ್ಲಾಯಿತು.

"ಮತ್ತೆ ಯಾಕೆ ಕೊಟ್ರಿ?"

"ನಗಾಡಿದರಲ್ಲ," ಎಂದರು ಸೇಸಮ್ಮ. "ಅದೊಂದು ನೋಡಿದ ಮೇಲೆ ನನಗೆ ಬೇಡ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

ಹಿಂತಿರುಗುವ ಬಸ್ಸಿನಲ್ಲಿ ಹುಡುಗಿ ಬೇರೆ ಸೀಟಿನಲ್ಲಿ ಕುಳಿತಳು. ಮನೆಗೆ ಬಂದವಳು ಯಾರೂ ಕರೆಯದೆ ಅಡುಗೆಮನೆಗೆ ಹೋಗಿ, ಗಂಜಿ ಬಡಿಸಿಕೊಂಡು ಉಂಡಳು. ಅಜ್ಜಿಯನ್ನು ಮಾತಾಡಿಸಲಿಲ್ಲ. ಅದು ತನ್ನ ಪಾಲಿಗೆ ಬಂದದ್ದೆಂದು ಸೇಸಮ್ಮ ಒಪ್ಪಿಕೊಂಡರು.

ಮರುದಿನ ಮಧ್ಯಾಹ್ನ ಮಂಚದ ಕೋಣೆಯಲ್ಲಿ ಬಾಳೆಲೆ ಹಾಸಿ, ದೀಪವಿಟ್ಟು ಎಲ್ಲವನ್ನೂ ಬಡಿಸಿದರು. ಕೊನೆಗೆ ಸೇಸಮ್ಮ ಡಿಪ್ಪಿನ ಬಾಟಲಿ ತೆರೆದರು. ಒಂದು ಚಮಚ ಹಾಕಿ ನಿಲ್ಲಿಸಿದರು. ವಿಸ್ಮಿತಾ ಪಕ್ಕಕ್ಕೆ ಬಂದು ಎಲೆಯ ಬಲಬದಿಗೆ ಒಂದು ಕೊಡ ನೀರು ತಂದಿಟ್ಟಳು. ಸತ್ತವರಿಗೆ ಲೋಟ ಇಡುವುದು ಕ್ರಮ, ಕೊಡ ಎಲ್ಲಿಯೂ ಇಲ್ಲ ಎಂದು ಪದ್ಮಯ್ಯ ಗೊಣಗಿದ. ಯಾರೂ ಅದನ್ನು ತೆಗೆಯಲಿಲ್ಲ. ಸೇಸಮ್ಮ ಎಲೆಯ ಮುಂದೆ ತಲೆಬಾಗಿ, ನನ್ನ ತಪ್ಪು ನನಗೇ ಇರಲಿ, ಮಗುವನ್ನು ಮುಟ್ಟಬೇಡಿ, ನೀವು ಹೊಟ್ಟೆ ತುಂಬ ಕುಡಿದು ಹೊರಡಿ ಎಂದು ಬೇಡಿಕೊಂಡು ಹೊರಗೆ ಬಂದರು. ಬಾಗಿಲು ಮುಚ್ಚಲಾಯಿತು.

ಸತ್ತವರು ಉಣ್ಣುವಾಗ ಹೊರಗೆ ಯಾರೂ ಮಾತಾಡುವಂತಿಲ್ಲ. ಒಳಗೆ ಏನೂ ಕೇಳಿಸಲಿಲ್ಲ. ಅಥವಾ ಸೇಸಮ್ಮನಿಗೊಬ್ಬರಿಗೇ ಕೇಳಿಸಿತೋ, ಅವರು ಬಾಗಿಲಿನ ಕಡೆಗೆ ಸ್ವಲ್ಪ ವಾಲಿ ನಿಂತಿದ್ದರು. ಹೊತ್ತಾಯಿತೆಂದು ಪದ್ಮಯ್ಯ, ತೆರೆಯುವ ಮೊದಲಿನ ಕ್ರಮದಂತೆ ಮೂರು ಸಲ ಬಾಗಿಲು ತಟ್ಟಲು ಕೈ ಎತ್ತಿದ. ಸೇಸಮ್ಮ ಆ ಕೈಯನ್ನು ಹಿಡಿದರು.

"ಇನ್ನೂ ಸ್ವಲ್ಪ ನಿಲ್ಲುವ," ಎಂದರು ಮೆಲ್ಲಗೆ. "ಅವರು ನಿಧಾನ ಉಣ್ಣುವವರು."